ರಾಗಿ ಸರಿ, ಎಮ್ಮೆ ಹಾಲಿನ ಡಬ್ಬಿ

ಕೂಸಿಗೆ ಆರು ತಿಂಗಳಾಗುತ್ತಲೇ ಹಳೇ ಮೈಸೂರಿನ ಮನೆಗಳಲ್ಲಿ ರಾಗಿ ಸರಿ ಶುರುವಾಗುತ್ತಿತ್ತು. ನೆನೆಸಿದ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಮೊಳಕೆಯ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ತುಸು ಹೆಚ್ಚು ಹಾಕಿದರೂ ಗಂಜಿ ಗಟ್ಟಿಯಾಗದು, ಮಗು ಸಲೀಸಾಗಿ ನುಂಗುತ್ತದೆ. ಅಜ್ಜಿಯರ ಈ ಜಾಣ್ಮೆಗೆ ಬೇಕಿದ್ದದ್ದು ಒಂದೆರಡು ಹಿಡಿ ರಾಗಿ ಮತ್ತು ತಾಳ್ಮೆ.

ಎದೆಹಾಲು ಸಾಲದ ಎಳೆಗೂಸುಗಳ ಪಾಡು ಬೇರೆ. ಡಬ್ಬಿಯ ಹಾಲಿನ ಪುಡಿ ಆಗ ವಿದೇಶದಿಂದ ಬರಬೇಕಿತ್ತು, ದುಬಾರಿ.

ಇಲ್ಲೇ ಸಿಗುವ ಎಮ್ಮೆ ಹಾಲಿನಿಂದ ಅದನ್ನು ಮಾಡೋಣವೆಂದರೆ, ಆ ಹಾಲಿನ ಜಿಡ್ಡು ಶಿಶುಗಳಿಗೆ ಒಗ್ಗದೆಂಬ ಮಾತಿತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಆ ಹಾಲನ್ನೇ ಹದಗೊಳಿಸಿ ಶಿಶು ಆಹಾರ ಮಾಡುವ ವಿಧಾನ ರೂಪಿಸಿದರು. 1960ರ ಹೊತ್ತಿಗೆ ಗುಜರಾತಿನ ಆಣಂದ್‌ನಲ್ಲಿ ರೈತರ ಸಹಕಾರಿ ಡೇರಿ ಅಮುಲ್ ಅದನ್ನು ತಯಾರಿಸತೊಡಗಿತು.