ಒಂದು ನಂಬರ್ ದೊಡ್ಡ ಶೂ: ಐರಿಶ್ ಡ್ಯಾನ್ಸ್ ಶೂಗಳ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಿನಲ್ಲೋ ಕ್ಯಾಬಿನಲ್ಲೋ ಓದುವವರಿಗಾಗಿ ಈ ವಾರದ ಮಾತು ಇಲ್ಲಿದೆ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಪ್ರಾಜೆಕ್ಟ್ ಮೇಲೆ ಪುಣೆಯಿಂದ ಹೋಗಿ ಎರಡು ವರ್ಷ ಡಬ್ಲಿನ್‌ನಲ್ಲಿದ್ದೆವು. ಎಂಟು ವರ್ಷದ ಮಗಳು ಸ್ಕೂಲ್ ಗೆಳತಿಯರ ಜೊತೆ ಐರಿಶ್ ಡ್ಯಾನ್ಸ್ ಕ್ಲಾಸಿಗೆ ಸೇರಿದಳು. ಶೂ ತರೋಕೆ ಹೋದವನು ನಾನು. ನಮ್ಮ ಮನೆಗಳ ಲೆಕ್ಕ ಗೊತ್ತಲ್ಲ: "ಬೆಳೆಯೋ ಹುಡುಗಿ, ಒಂದು ನಂಬರ್ ದೊಡ್ಡದೇ ಇರಲಿ." ಟೀಚರ್ ಶೂ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ನಗ್ತಾ, "ಬದಲಾಯಿಸಿಕೊಂಡು ಬನ್ನಿ" ಅಂದರು. ತುದಿಯಲ್ಲಿ ಜಾಗ ಉಳಿದರೆ ಪಾದ ಚಾಚಿದಾಗ ಚರ್ಮ ಮಡಚಿಕೊಳ್ಳುತ್ತೆ, ಕಾಲು ಒಳಗೇ ಜಾರುತ್ತೆ. ಚರ್ಮ ಬೇರೆ ಹಾಕ್ತಾ ಹಾಕ್ತಾ ಹಿಗ್ಗುತ್ತೆ. ಬೆರಳುಗಳು ಮಡಚದೆ ತುದಿ ಮುಟ್ಟಬೇಕು, ಅದೇ ಅಳತೆ. ನನಗೆ ಸಿಟ್ಟು ಬಂತು. ಮೂರು ತಿಂಗಳಲ್ಲಿ ಸಾಲದಾಗುವ ಶೂಗೆ ಇಷ್ಟು ದುಡ್ಡಾ? ಆ ಸಿಟ್ಟಲ್ಲೇ ಈ ಶೂಗಳ ಇತಿಹಾಸ ಓದೋಕೆ ಶುರು ಮಾಡಿದ್ದು.

ಮೊದಲನೇ ಆಶ್ಚರ್ಯ: ಅಂಗಡಿಯವರು 'ಸಾಂಪ್ರದಾಯಿಕ' ಅಂತ ಮಾರುವ ಶೂ ಅಷ್ಟೇನೂ ಹಳೆಯದಲ್ಲ. 1776ರಲ್ಲಿ ಐರ್ಲೆಂಡ್ ಸುತ್ತೋಕೆ ಹೊರಟ ಇಂಗ್ಲಿಷ್ ಬರಹಗಾರ ಆರ್ಥರ್ ಯಂಗ್, ಹಳ್ಳಿ ಹಳ್ಳಿ ತಿರುಗುವ ಡ್ಯಾನ್ಸ್ ಮೇಷ್ಟರುಗಳ ಬಗ್ಗೆ ಬರೆದಿದ್ದಾನೆ. ಬಡ ಒಕ್ಕಲು ಮಕ್ಕಳು ಅವರಿಗೆ ಮೂರು ತಿಂಗಳಿಗೆ ಆರು ಪೆನ್ನಿ ಕೊಟ್ಟು ಮನೆಯವರಿಗೆಲ್ಲ ಕುಣಿತ ಕಲಿಸುತ್ತಿದ್ದರು. ಎಡಬಲ ತಿಳಿಯದವರಿಗೆ ಮೇಷ್ಟ್ರು ಒಂದು ಕಾಲಿಗೆ ಹುಲ್ಲಿನ ಹಗ್ಗ, ಇನ್ನೊಂದಕ್ಕೆ ಬಳುಕುವ ಕಡ್ಡಿ ಕಟ್ಟುತ್ತಿದ್ದರು ಅನ್ನೋ ಕಥೆ ಅಲ್ಲಿ ಈಗಲೂ ಹೇಳ್ತಾರೆ. ಅಂಥ ಮನೆಗಳಲ್ಲಿ ಕುಣಿಯೋಕೆ ಅಂತಲೇ ಬೇರೆ ಶೂ ಎಲ್ಲಿಂದ ಬರಬೇಕು? ಶೂ ಇದ್ದವರು ಅದರಲ್ಲೇ, ಇಲ್ಲದವರು ಬರಿಗಾಲಲ್ಲಿ. ಮಣ್ಣಿನ ನೆಲದಲ್ಲಿ ಹೆಜ್ಜೆಯ ಸದ್ದು ಏಳಲ್ಲ. ಅದಕ್ಕೆ ಮನೆಯ ಬಾಗಿಲನ್ನೇ ಕಳಚಿ ಕೆಳಗೆ ಹಾಸಿ ಅದರ ಮೇಲೆ ಕುಣಿಯುತ್ತಿದ್ದರು.

ನಮ್ಮ ಭರತನಾಟ್ಯದಲ್ಲಿ ಪಾದ ಬರಿದು, ತಾಳಕ್ಕೆ ಗೆಜ್ಜೆ ಇದೆ. ಇಲ್ಲಿ ಗೆಜ್ಜೆ ಇಲ್ಲ, ವಾದ್ಯ ಅಂದ್ರೆ ಶೂ ಮತ್ತು ನೆಲ.

1893ರಲ್ಲಿ ಗೇಲಿಕ್ ಲೀಗ್ ಹುಟ್ಟಿತು. ಐರಿಶ್ ಭಾಷೆ ಉಳಿಸಬೇಕು ಅಂತ ಹೊರಟವರು ಕುಣಿತವನ್ನೂ ಕೈಗೆತ್ತಿಕೊಂಡರು. ಮೊದಲ 'ಕೇಲಿ' ಕೂಟ ಮಾಡಿದ್ದು ಐರ್ಲೆಂಡಿನಲ್ಲಲ್ಲ, 1897ರಲ್ಲಿ ಲಂಡನ್ನಿನಲ್ಲಿ. ಊರು ಬಿಟ್ಟವರೇ ಮಾಡಿದ್ದು! (ಕನ್ನಡ ಸಂಘದವರು ಗಮನಿಸಿ.) ಆಮೇಲೆ ಸ್ಪರ್ಧೆ, ನಿಯಮ, ತೀರ್ಪುಗಾರರು. ತೀರ್ಪುಗಾರರಿಗೆ ಹೆಜ್ಜೆ ಸ್ಪಷ್ಟವಾಗಿ ಕೇಳಬೇಕಲ್ಲ, ಅಟ್ಟೆಗೆ ಮೊಳೆ ಹೊಡೆದರು, ನಾಣ್ಯ ಕೂಡಿಸಿದರು. 1970ರಲ್ಲಿ ಡಬ್ಲಿನ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. 1980ರ ದಶಕದಲ್ಲಿ ಫೈಬರ್‌ಗ್ಲಾಸ್ ತುದಿ, ಹಿಮ್ಮಡಿ ಬಂದವು. 1994ರ ಯೂರೋವಿಷನ್‌ನ ಬಿಡುವಿನಲ್ಲಿ 'ರಿವರ್‌ಡ್ಯಾನ್ಸ್' ಕುಣಿದಾಗ ಜಗತ್ತು ಬೆರಗಾಗಿ ಕೇಳಿದ್ದು ಇಂಥ ಗಟ್ಟಿ ಶೂಗಳ ಸದ್ದು.

ಹಾಗಾಗಿ ಶೂ ಆರಿಸುವಾಗ 'ಸಾಂಪ್ರದಾಯಿಕವಾ' ಅಂತ ಕೇಳಬೇಡಿ, 'ಯಾವ ಕುಣಿತಕ್ಕೆ' ಅಂತ ಕೇಳಿ. ರೀಲ್, ಸ್ಲಿಪ್ ಜಿಗ್‌ಗೆ ಹುಡುಗಿಯರು ಹಾಕುವುದು ಗಿಲ್ಲಿ, ಲೇಸು ಕಟ್ಟುವ ಮೆತ್ತನೆ ಚರ್ಮದ್ದು. ಹುಡುಗರ ಮೆತ್ತನೆ ಶೂಗೆ ಸದ್ದು ಮಾಡುವ ಹಿಮ್ಮಡಿ ಇರುತ್ತೆ. ಹಾರ್ನ್‌ಪೈಪ್, ಟ್ರೆಬಲ್ ಜಿಗ್‌ಗೆ ಗಟ್ಟಿ ಶೂ. ಶುರುವಿನವರಿಗೆ ಮೆತ್ತನೆಯದು ಸಾಕು. ಕಾನೆಮಾರಾ ಕಡೆಯ ಶಾನ್-ನೋಸ್ ಕುಣಿತಕ್ಕಂತೂ ಮನೆಯಲ್ಲಿರುವ ಗಟ್ಟಿ ಅಟ್ಟೆಯ ಸಾದಾ ಶೂ ನಡೆಯುತ್ತೆ. ನನ್ನ ಮಟ್ಟಿಗೆ ಹಳೆಯ ಕಾಲಕ್ಕೆ ಹತ್ತಿರದ್ದು ಅದೇ.

ಗಟ್ಟಿ ಶೂ ಮಾತ್ರ ಸೆಕೆಂಡ್ ಹ್ಯಾಂಡ್ ತಗೊಂಡೆವು, ದೊಡ್ಡ ಹುಡುಗಿಯೊಬ್ಬಳ ಕಾಲಿಗೆ ಸಾಲದಾಗಿದ್ದು. ಈಗ ವಾಪಸ್ ಪುಣೆಯಲ್ಲಿದ್ದೇವೆ, ಮೂರನೇ ಮಹಡಿ. ಮೊದಲ ಭಾನುವಾರವೇ ಕೆಳಗಿನ ಮನೆಯ ಕಾಕು ಮೇಲೆ ಬಂದರು. ಬಡಗಿಯಿಂದ ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿ ತಂದು, ಕೆಳಗೆ ಎರಡು ಹಳೇ ಜಮಖಾನ ಹಾಸಿದ್ದೇನೆ. ಸಂಜೆ ಆರರಿಂದ ಆರೂವರೆವರೆಗೆ ಮಾತ್ರ ಅಂತ ಕಾಕು ಒಪ್ಪಿದ್ದಾರೆ.