ಅಜ್ಜನ ರೇಜರ್ ಗುಜರಿಗೆ ಹಾಕಬ್ಯಾಡ್ರಿ

ಮನಿ ಹಳೇ ಟ್ರಂಕಿನ್ಯಾಗ ಕಿಲುಬು ಹಿಡಿದ ಮೂರು ತುಂಡಿನ ರೇಜರ್ ಸಿಕ್ಕೈತೇನು? ತಡೀರಿ, ಅದಕ್ಕೊಂದು ಇತಿಹಾಸ ಐತಿ.

1903ರಲ್ಲಿ ಅಮೆರಿಕದ ಜಿಲೆಟ್ ಕಂಪನಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡ್. 1904ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಾಗ ಸೈನಿಕರ ಕೈಗೆ ಹೋಗಿ, ಮನ್ಯಾಗೇ ದಾಡಿ ಮಾಡಿಕೊಳ್ಳೋ ರೂಢಿ ಹಬ್ಬಿತು.

ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಾ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯೊಳಗ. ಹಳ್ಳ್ಯಾಗ ಕ್ಷೌರ ಮಾಡುವವರಿಗೆ ಸುಗ್ಗಿಯಾಗ ಕಾಳಿನ ಆಯ ಸಿಗತಿತ್ತು. ಆದರೆ ಎಷ್ಟೋ ಊರಾಗ ಊರ ಕಟ್ಟುಪಾಡು ದಲಿತರಿಗೆ ಆ ಸೇವೆ ಸಿಗದಂಗ ಮಾಡಿತ್ತು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರಲ್ಲಿ ಶಿಕ್ಷೆಯ ಕಾನೂನು ಬಂತು. ಆದರೂ ಬಾಗಿಲು ತೆರೆಯೋದು ತಡವಾಯ್ತು. ಅಂಥವರ ಮನ್ಯಾಗ ಸ್ವಂತ ರೇಜರ್ ಅಂದ್ರ ಯಾರ ಮುಂದೂ ಕೈಚಾಚದೆ ಕನ್ನಡಿ ನೋಡಿಕೊಳ್ಳೋ ಮರ್ಯಾದಿ.

ಈಗ ರಿಪೇರಿ. ಬಿಚ್ಚಿ, ಉಗುರುಬೆಚ್ಚಗಿನ ಸಾಬೂನು ನೀರಾಗ ನೆನೆಸಿ, ಹಳೇ ಟೂತ್‌ಬ್ರಷ್‌ಲೆ ಮೆತ್ತಗ ತಿಕ್ಕ್ರಿ. ಹಿತ್ತಾಳಿ ಕೊಡ ಬೆಳಗಿದಂಗ ಹುಣಸಿಹಣ್ಣು ಹಚ್ಚಿ ಬಿಡಬ್ಯಾಡ್ರಿ, ನಿಕಲ್ ಲೇಪ ಹೋದೀತು. ಹೊಸ ಬ್ಲೇಡ್ ಹಾಕಿ ಎರಡೂ ಕಡೆ ಅಂಚು ಸಮ ಕಾಣತೈತಾ ನೋಡ್ರಿ. ಹಲ್ಲು ಸೊಟ್ಟಾಗಿದ್ರ, ಮುಚ್ಚಳ ಬಾಗಿದ್ರ ಮುಖಕ್ಕ ಹಚ್ಚಬ್ಯಾಡ್ರಿ, ಕೊಯ್ಯತೈತಿ. ಹಿಡಿ ಅಷ್ಟೇ ಸೀಳಿದ್ರ, ಹೊಂದೋ ಬೇರೆ ಹಿಡಿ ಹಾಕ್ರಿ.

ಸರಿಯಾದ್ರ ದಿನಾ ಬಳಸ್ರಿ. ಒತ್ತಬ್ಯಾಡ್ರಿ, ರೇಜರ್ ತೂಕಾನೇ ಸಾಕು. ಆಮೇಲೆ ಮನ್ಯಾಗ ಹಿರಿಯರನ್ನ ಕೇಳ್ರಿ: ಇದು ಮನಿಗೆ ಬರೋಕಿಂತ ಮುಂಚೆ ನಮ್ಮವರ ದಾಡಿ ಯಾರು ಮಾಡತಿದ್ರು?