ಹಳೇಬೀಡಿನ ಇಲ್ಲದ ಶಿಖರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಶಿಖರವಿದೆಯೇ? ಶಾಲಾ ಪ್ರವಾಸದಲ್ಲಿ ಹೋಗಿ ಬಂದವರೂ ಉತ್ತರಿಸಲು ಕ್ಷಣಕಾಲ ತಡವರಿಸುತ್ತಾರೆ. ಇಲ್ಲ. 1121ರ ಸುಮಾರಿಗೆ ಆರಂಭವಾದ ಈ ಜೋಡಿ ದೇಗುಲದ ಎರಡೂ ಗರ್ಭಗುಡಿಗಳ ನೆತ್ತಿ ಇಂದು ಬೋಳಾಗಿದೆ. ಆದರೆ ಅಧ್ಯಾಪಕರ ಕಮ್ಮಟವೊಂದಕ್ಕೆ ನಾನು ಒಯ್ದ ಸ್ಲೈಡಿನಲ್ಲಿ ಎರಡು ಎತ್ತರದ ಶಿಖರಗಳಿದ್ದವು! ಬರಹವೇ ತುಂಬಿದ್ದ ಸ್ಲೈಡನ್ನು ಚಿತ್ರಮಯವಾಗಿಸುವಂತೆ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದಕ್ಕೆ ಹೇಳಿದ್ದೆ. ಸಂಜೆಯ ಬಿಸಿಲು, ನೆರಳು, ಬಳಪದ ಕಲ್ಲಿನ ಹೊಳಪು ಎಲ್ಲವೂ ಸಹಜವಾಗಿತ್ತು. ಅರಸೀಕೆರೆ ಕಡೆಯ ಉಪಾಧ್ಯಾಯಿನಿಯೊಬ್ಬರು "ಸಾರ್, ಇದು ಯಾವ ದೇವಸ್ಥಾನ?" ಎಂದು ಕೇಳುವವರೆಗೆ ನನಗೇ ತಿಳಿಯಲಿಲ್ಲ.

ಹಳೇಬೀಡಿಗೆ ಕಲ್ಪನೆಯ ಶಿಖರ ಇಟ್ಟವರಲ್ಲಿ ಈ ತಂತ್ರಾಂಶ ಮೊದಲನೆಯದಲ್ಲ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲಿ ಇಲ್ಲಿ ಛಾಯಾಚಿತ್ರಗಳನ್ನು ತೆಗೆದರು. ಅವುಗಳಲ್ಲಿ 56 ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಕಲ್ಲಿನಿಂದ ಹೊರಟ ಬೆಳಕು ಮಸೂರ ದಾಟಿ ಬಂದರಷ್ಟೇ ಕ್ಯಾಮೆರಾದಲ್ಲಿ ಚಿತ್ರ. ಇಲ್ಲದ ಶಿಖರದಿಂದ ಬೆಳಕು ಬರುವುದಿಲ್ಲ. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಾದರೋ ಶಿಖರಸಹಿತವಾದ ರೇಖಾಚಿತ್ರವೇ ಇದೆ. ಅದಕ್ಕೆ ಅವರು 'ಪುನರ್ರಚಿತ ನೋಟ' ಎಂಬರ್ಥದ ಶೀರ್ಷಿಕೆ ಕೊಟ್ಟರು. ಎರಡೇ ಪದ. ನನ್ನ ಸ್ಲೈಡಿನಲ್ಲಿ ಇಲ್ಲದಿದ್ದದ್ದು ಅವೇ.

ತಂತ್ರಾಂಶಕ್ಕೆ ಶಿಖರ ಎಲ್ಲಿಂದ ಬಂತು? ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಜಾಗ. ನೀರಿಗೆ ಬಿದ್ದ ಶಾಯಿಯ ತೊಟ್ಟು ಹರಡಿ ಮಾಯವಾಗುವುದು ವಿಸರಣ. ಚಿತ್ರಕ್ಕೂ ಹೀಗೆ ಹಂತಹಂತವಾಗಿ ಗದ್ದಲ ಬೆರೆಸಿ, ಅದನ್ನು ಹಿಂದಕ್ಕೆ ತೆಗೆಯುವುದನ್ನು ಗಣಕಕ್ಕೆ ಕಲಿಸುವ ವಿಧಾನವನ್ನು 2015ರಲ್ಲಿ ಮಂಡಿಸಿದವರು ಉಷ್ಣಗತಿವಿಜ್ಞಾನದಿಂದಲೇ ಎರವಲು ಪಡೆದರು. ಇಂದಿನ ಹಲವು ಚಿತ್ರ ತಂತ್ರಾಂಶಗಳ ಬುಡ ಇದೇ. ಅವು ಬರಿಯ ಗದ್ದಲದಿಂದ ಆರಂಭಿಸಿ, ನಾವು ಹೇಳಿದ ಮಾತಿಗೆ ಹೆಚ್ಚು ಸಂಭವನೀಯವಾದ ಚಿತ್ರದ ಕಡೆಗೆ ಸಾಗುತ್ತವೆ. ಕಲಿಕೆಗೆ ಕೊಟ್ಟ ಗುಡಿಗಳಲ್ಲಿ ಹೆಚ್ಚಿನವಕ್ಕೆ ಶಿಖರವಿದ್ದರೆ ಹಳೇಬೀಡಿಗೂ ಶಿಖರ! 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಖರವನ್ನು ಗರ್ಭಗುಡಿಯ ರಕ್ಷಣೆಗಾಗಿ 1879ರಲ್ಲಿ ಕಳಚಿದರು ಎಂಬ ಸಂಗತಿಯೂ ಇಂಥ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಹಾಗೆಂದು ನಾನು ತಂತ್ರಾಂಶವನ್ನು ಬಿಟ್ಟಿಲ್ಲ. ನಲವತ್ತು ನಿಮಿಷ ಬರೀ ಅಕ್ಷರ ನೋಡಿಸುವುದೂ ವಿದ್ಯಾರ್ಥಿಗಳಿಗೆ ಕೊಡುವ ಶಿಕ್ಷೆಯೇ. ಆದರೆ ಎಣಿಸಬಹುದಾದ, ಅಳೆಯಬಹುದಾದ ಚಿತ್ರವನ್ನು ಅದರ ಕೈಗೆ ಕೊಡುವುದಿಲ್ಲ. ಅರಸೀಕೆರೆಯಲ್ಲಿ ಸುಮಾರು 1220ರ ಈಶ್ವರ ದೇವಾಲಯವಿದೆ. ಅದರ ತಳವಿನ್ಯಾಸ 16 ಮೊನೆಗಳ ನಕ್ಷತ್ರ. ತಂತ್ರಾಂಶ ನನಗೆ ಒಮ್ಮೆ 14, ಇನ್ನೊಮ್ಮೆ 18 ಮೊನೆ ಬರೆದುಕೊಟ್ಟಿತು, ಎರಡೂ ಬಲು ಚೆಂದ! ನೀವೇ ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದೇ ಕೇಂದ್ರದ ಸುತ್ತ 22.5, 45, 67.5 ಡಿಗ್ರಿ ತಿರುಗಿಸಿ ಇನ್ನೂ ಮೂರು ಚೌಕಗಳನ್ನು ಬರೆಯಿರಿ. ನಾಲ್ಕು ನಾಲ್ಕಲೆ ಹದಿನಾರು ಮೊನೆಗಳು ಸಿಗುತ್ತವೆ. (ನಿಜವಾದ ಗೋಡೆಯ ಏಣುಗಳು ಇನ್ನೂ ಜಟಿಲ.)

ಈಗ ನನ್ನ ಸ್ಲೈಡಿನಲ್ಲಿ ಮೂರು ಚಿತ್ರಗಳಿವೆ: ಹಳೇಬೀಡಿನ ಛಾಯಾಚಿತ್ರ, ನಾಲ್ಕು ಚೌಕಗಳ ಅರಸೀಕೆರೆ ನಕ್ಷೆ, ಪಕ್ಕದಲ್ಲಿ ಅದೇ ಹಳೆಯ ಶಿಖರದ ಚಿತ್ರ. ಕೊನೆಯದರ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: 'ಗಣಕದ ಕಲ್ಪನೆ'.